ಹೆಸರು ಕೂಗುವ ಫೋನು

ಹೊಸ ಫೋನು ತಂದ ಮೊದಲ ವಾರದಲ್ಲೇ ಅದನ್ನು ಕಾಲುವೆಗೆ ಎಸೆಯಬೇಕು ಅನ್ನಿಸಿತ್ತು. ಶಿಕ್ಷಕರ ತರಬೇತಿಗೆಂದು ಲಿಂಗಸುಗೂರಿಗೆ ಹೋದಾಗ, ಸಂಜೆ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಒಂದು ಅಂಗಡಿಗೆ ಹೊಕ್ಕು ಕೊಂಡದ್ದು. ಹಳೆಯದರ ಗಾಜು ಒಡೆದು ಹೋಗಿತ್ತು. ಹೊಸದರ ಗಾಜು ಚೆನ್ನಾಗಿತ್ತು, ಬುದ್ಧಿ ಮಾತ್ರ ಚೆನ್ನಾಗಿರಲಿಲ್ಲ. ಕನ್ನಡದಲ್ಲಿ ಒಂದು ಸಾಲು ಬರೆದರೆ ಎರಡನೆಯ ಸಾಲಿಗೆ ತಾನಾಗಿಯೇ ಇಂಗ್ಲಿಷಿಗೆ ಹೋಗುತ್ತಿತ್ತು. ಹಳೆಯ ಫೋನಿನಿಂದ ನಂಬರುಗಳನ್ನು ಅಂಗಡಿಯಲ್ಲೇ ಹಾಕಿಕೊಟ್ಟಿದ್ದರು, ಅವು ಒಂದೊಂದೂ ಎರಡೆರಡು ಬಂದಿದ್ದವು. ಒಂದನ್ನು ಅಳಿಸಿದರೆ ಎರಡೂ ಹೋಗುತ್ತಿದ್ದವು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಶಾಲೆಯಲ್ಲಿ ಮಕ್ಕಳಿಗೆ ಗೊತ್ತು, ಮನೆಯಲ್ಲಿ ಗಂಡನಿಗೆ ಗೊತ್ತು. ಫೋನಿಗೆ ಗೊತ್ತಿರಲಿಲ್ಲ.

ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಅದರ ಕೂಗು. ಯಾರಾದರೂ ಕರೆ ಮಾಡಿದರೆ ಅದು ಮೊದಲು ಅವರ ಹೆಸರು ಹೇಳುತ್ತಿತ್ತು. ಒಬ್ಬ ಹೆಂಗಸಿನ ದನಿ, ಅಚ್ಚುಕಟ್ಟಾದ ಪುಸ್ತಕದ ಕನ್ನಡ, ಇಂಥವರು ಕರೆ ಮಾಡುತ್ತಿದ್ದಾರೆ ಎಂದು ಓಣಿಗೆಲ್ಲ ಕೇಳುವಂತೆ ಹೇಳಿ, ಸ್ವಲ್ಪ ಗಂಟೆ ಬಾರಿಸಿ, ಮತ್ತೆ ಹೇಳುತ್ತಿತ್ತು. ಎತ್ತುವ ತನಕ ಬಿಡುತ್ತಿರಲಿಲ್ಲ. ಅದನ್ನು ನಿಲ್ಲಿಸುವುದು ಎಲ್ಲಿ ಎಂದು ಸೆಟ್ಟಿಂಗಿನಲ್ಲಿ ಒಂದೊಂದೇ ಒತ್ತಿ ನೋಡಿದೆ. ಅಕ್ಷರಗಳು ದೊಡ್ಡವಾದವು, ಬೆಳಕು ಹಳದಿಯಾಯಿತು, ಕೂಗು ನಿಲ್ಲಲಿಲ್ಲ. ಭಾನುವಾರ ಬಸ್ಸು ಹತ್ತಿ ಮತ್ತೆ ಲಿಂಗಸುಗೂರಿಗೇ ಹೋದೆ. ಅಂಗಡಿಯವನು ನನ್ನ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದು ಸಾಫ್ಟ್‌ವೇರ್‌ನ್ಯಾಗ ಹಿಂಗ ಬಂದೈತ್ರಿ ಟೀಚರ್. ಬಂದ್ ಮಾಡಾಕ ಜಾಗಾನ ಕೊಟ್ಟಿಲ್ಲ. ಮುಂದ ಅಪ್‌ಡೇಟ್ ಬಂದ್ರ ಬರ್ತದ. ಅಲ್ಲೀತನಕ ಸೈಲೆಂಟ್ ಇಡ್ರಿ."

"ಸೈಲೆಂಟ್ ಇಡಾಕ ಫೋನ್ ಯಾಕ ತಗೋಬೇಕ್ರಿ?" ಎಂದೆ. ಅವನು ನಕ್ಕ. ನಾನು ನಗಲಿಲ್ಲ.

ಹೆಸರು ಕೂಗಿದರೆ ಅಷ್ಟೇಕೆ ಸಿಟ್ಟು ಎಂದು ಕೇಳಬಹುದು. ನನ್ನ ಫೋನಿನಲ್ಲಿ ಹೆಸರುಗಳೇ ಇರಲಿಲ್ಲ, ಅದಕ್ಕೆ. ನಮ್ಮ ಕಡೆ ಹೆಸರು ಬರೆದಿಡುವವರು ಕಡಿಮೆ, ಗುರುತು ಬರೆದಿಡುತ್ತೇವೆ. ಒಂದೇ ಹೆಸರಿನವರು ಓಣಿಗೆ ನಾಲ್ಕು ಮಂದಿ ಇರುವಾಗ ಹೆಸರಿನಿಂದ ಏನು ತಿಳಿಯುತ್ತದೆ? ರವಿಕೆ ಹೊಲಿಯುವವನು ಮುದಗಲ್ ಟೈಲರ್. ಅಕ್ಕಿ ಕೊಡುವವರು ಬಳಗಾನೂರು ಅಕ್ಕಿ. ತಿಂಗಳಿಗೊಮ್ಮೆ ಬೆಣ್ಣೆ ತರುವಾಕೆ ಗುರುಗುಂಟಾ ಬೆಣ್ಣೆ. ಇವೆಲ್ಲ ಸರಿ. ಆದರೆ ನನ್ನ ನಾಲಿಗೆಯ ಹಾಗೆ ಬೆರಳೂ ಸ್ವಲ್ಪ ಹರಿತ. ಹಾಲಿನವನನ್ನು ಹಾಲು ನೀರು ಎಂದು ಬರೆದುಕೊಂಡಿದ್ದೆ. ನಮ್ಮ ಹೆಡ್‌ಮಾಸ್ತರರು ಗುಡುಗು. ನನ್ನ ನಾದಿನಿ ಗೊಣಗೊಣ. ಹಳೆಯ ಫೋನು ಇದನ್ನೆಲ್ಲ ಹೊಟ್ಟೆಯಲ್ಲಿ ಹಾಕಿಕೊಂಡು ವರ್ಷಗಟ್ಟಲೆ ಸುಮ್ಮನಿತ್ತು.

ಹೊಸದು ಮೂರನೆಯ ದಿನವೇ, ನಾವಿಬ್ಬರೂ ಊಟಕ್ಕೆ ಕುಳಿತಾಗ, ಗೊಣಗೊಣ ಕರೆ ಮಾಡುತ್ತಿದ್ದಾರೆ ಎಂದು ಹೇಳಿತು. ಗಂಡ ಕೈಯಲ್ಲಿನ ರೊಟ್ಟಿಯ ತುಂಡನ್ನು ಹಾಗೇ ಹಿಡಿದು ಪರದೆ ನೋಡಿದರು. ನಂಬರು ಅವರಿಗೆ ಬಾಯಿಪಾಠ.

"ನಮ್ಮಕ್ಕ ಗೊಣಗೊಣ ಏನು?" ಎಂದರು. ಎರಡು ದಿನ ನನ್ನ ಜೊತೆ ಮಾತು ಕಡಿಮೆ ಮಾಡಿದರು.

ಆ ಮೇಲಿನ ಭಾನುವಾರ ಮಧ್ಯಾಹ್ನ ಫೋನು ಹಿಡಿದು ಕುಳಿತು ಗುರುತುಗಳನ್ನೆಲ್ಲ ತಿದ್ದಿದೆ. ಅ ಅಕ್ಷರದಿಂದ ಶುರುಮಾಡಿ ಒಂದೊಂದನ್ನೂ ಓದಿದೆ, ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ಹಾಗೆ. ಗುಡುಗು ಹೋಗಿ ಹೆಡ್‌ಮಾಸ್ತರ್ ಸರ್ ಬಂತು. ಗೊಣಗೊಣ ಹೋಗಿ ದೊಡ್ಡ ನಾದಿನಿ ಬಂತು. ಹಾಲು ನೀರು ಬರೀ ಹಾಲಾಯಿತು. ಯಾರು ಕೇಳಿಸಿಕೊಂಡರೆ ನನಗೆ ತೊಂದರೆಯೋ ಅವರನ್ನೆಲ್ಲ ತಿದ್ದಿದೆ. ಕ ಅಕ್ಷರದಲ್ಲಿ ಕಾಯಿಪಲ್ಲೆ, ಕಿರಾಣಿ, ಕೇರಿ ಟೀಚರ್, ಕೊರಿಯರ್ ಇದ್ದವು. ನಾಲ್ಕನ್ನೂ ಓದಿದೆ. ತಿದ್ದುವಂಥದ್ದು ಏನೂ ಇಲ್ಲ ಎಂದುಕೊಂಡು ಗ ಅಕ್ಷರಕ್ಕೆ ಹೋದೆ.

ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಆದರೂ ಬರೆಯಬೇಕು, ಏಕೆಂದರೆ ಉಳಿದದ್ದಕ್ಕೆಲ್ಲ ನನ್ನ ಬಳಿ ಏನಾದರೊಂದು ನೆಪವಿದೆ. ಆ ಮಧ್ಯಾಹ್ನಕ್ಕೆ ಇಲ್ಲ.

ಕೇರಿ ಟೀಚರ್ ಎಂದರೆ ನನ್ನ ಗೆಳತಿ. ಒಂಬತ್ತು ವರ್ಷದಿಂದ ನಾವಿಬ್ಬರೂ ಮಸ್ಕಿಯ ಒಂದೇ ಶಾಲೆಯಲ್ಲಿ ಇದ್ದೇವೆ. ನಾನು ಕನ್ನಡ, ಅವಳು ಗಣಿತ. ಇಬ್ಬರ ಮನೆಯೂ ಸಿಂಧನೂರು. ಅವಳ ಮನೆ ಬಸ್ ಡಿಪೋ ಹಿಂದೆ, ನನ್ನದು ಅಲ್ಲಿಂದ ಎರಡು ಓಣಿ ಈಚೆ. ಮುಂಜಾನೆ ಅವಳು ನನಗಿಂತ ಮೊದಲೇ ಬಸ್‌ಸ್ಟ್ಯಾಂಡಿಗೆ ಹೋಗಿ, ಮಸ್ಕಿಯ ಮೇಲೆ ಹೋಗುವ ಲಿಂಗಸುಗೂರಿನ ಬಸ್ಸು ಬಂದು ನಿಲ್ಲುತ್ತಲೇ ಕಿಟಕಿಯಿಂದ ಕರವಸ್ತ್ರ ಹಾಕಿ ಸೀಟು ಹಿಡಿದು, ನನಗೆ ಫೋನು ಹಚ್ಚುತ್ತಿದ್ದಳು. ಎತ್ತಿದರೆ, "ಅಕ್ಕಾ, ಬಸ್ ಹಚ್ಯಾನ, ಬರ್ರಿ" ಅನ್ನುವಳು. ನಾನು ಎತ್ತುತ್ತಿದ್ದದ್ದೇ ಕಡಿಮೆ. ಪರದೆಯ ಮೇಲೆ ಗುರುತು ನೋಡಿ, ಚಪ್ಪಲಿ ಮೆಟ್ಟಿ ಹೊರಡುತ್ತಿದ್ದೆ. ಬಸ್ಸಿನಲ್ಲಿ ನನಗೆ ಹೊಟ್ಟೆ ತೊಳಸುತ್ತದೆ ಎಂದು ಕಿಟಕಿಯ ಕಡೆ ಯಾವಾಗಲೂ ನನಗೇ ಬಿಡುತ್ತಿದ್ದಳು. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಅವಳ ಪುಂಡಿಪಲ್ಲೆ ನನಗೆ, ನನ್ನ ಶೇಂಗಾ ಚಟ್ನಿ ಅವಳಿಗೆ. ನಾನು ಅವಳ ಡಬ್ಬಿಯಿಂದ ತಿನ್ನುತ್ತೇನೆ, ನಮ್ಮ ಮನೆತನದಲ್ಲಿ ಇನ್ನಾರೂ ಹೀಗಿಲ್ಲ ಎಂದು ನನಗೆ ನಾನೇ ಅಂಕ ಕೊಟ್ಟುಕೊಂಡಿದ್ದೆ. ಒಳಗೊಳಗೇ ಅದರ ಜಂಬವಿತ್ತು.

ನಮ್ಮ ಕಡೆ ಕೇರಿ ಎಂದಷ್ಟೇ ಅಂದರೆ ಒಂದೇ ಅರ್ಥ, ಊರವರು ದೂರವಿಟ್ಟ ಜನರ ಕೇರಿ. ಅವಳು ಅಲ್ಲಿ ಹುಟ್ಟಿದವಳಲ್ಲ, ಬೆಳೆದವಳೂ ಅಲ್ಲ. ಅವಳ ತಂದೆ ಸರ್ಕಾರಿ ನೌಕರಿಯಲ್ಲಿದ್ದವರು, ಕ್ವಾರ್ಟರ್ಸಿನಲ್ಲಿ ಬೆಳೆದಳು. ಮನೆಯಲ್ಲಿ ಬುದ್ಧನ ಫೋಟೋ ಇದೆ. ಇದೆಲ್ಲ ಆಮೇಲೆ ತಿಳಿದದ್ದು. ಅವಳು ವರ್ಗವಾಗಿ ಬಂದ ಮೊದಲ ದಿನ, ಸ್ಟಾಫ್ ರೂಮಿನಲ್ಲಿ ಯಾರೋ ನನ್ನ ಕಿವಿಯಲ್ಲಿ ಅವಳ ಜಾತಿ ಹೇಳಿದರು. ಅದೇ ಹೊತ್ತಿಗೆ ಅವಳು ತನ್ನ ನಂಬರು ಹೇಳುತ್ತಿದ್ದಳು. ನಾನು ಹಾಗೆ ಬರೆದುಕೊಂಡೆ.

ಹೊಸ ಫೋನು ಬಂದ ಮೇಲೆ ದಿನಾ ಮುಂಜಾನೆ ನಮ್ಮ ಅಡುಗೆಮನೆಯಲ್ಲಿ ಆ ದನಿ ಹೇಳುತ್ತಿತ್ತು, ಕೇರಿ ಟೀಚರ್ ಕರೆ ಮಾಡುತ್ತಿದ್ದಾರೆ. "ನಿನ್ನ ಬಸ್ ಬಂತು ನೋಡು" ಎಂದು ಗಂಡ ಅನ್ನುವರು. ನಾನು ಡಬ್ಬಿಯ ಮುಚ್ಚಳ ಹಾಕುವೆ. ಕಣ್ಣಿಗೆ ಚುಚ್ಚದ್ದು ಕಿವಿಗೂ ಚುಚ್ಚಲಿಲ್ಲ.

ಅದೊಂದು ಸಂಜೆ ಮಸ್ಕಿಯಲ್ಲಿ ಬಸ್ಸು ಹತ್ತಿದೆವು. ಕಾಲಿಡಲು ಜಾಗವಿಲ್ಲದಷ್ಟು ಜನ. ಆದರೂ ಅವಳು ನುಗ್ಗಿ ಹೋಗಿ ಇಬ್ಬರಿಗೂ ಸೀಟು ಹಿಡಿದಳು. ಊರು ದಾಟಿದ ಮೇಲೆ ಬ್ಯಾಗಿಗೆ ಕೈ ಹಾಕಿದರೆ ಫೋನಿಲ್ಲ. ಮೇಲಿಂದ ಕೆಳಗೆ ತಡಕಾಡಿದೆ. ಶಾಲೆಯಲ್ಲೇ ಬಿಟ್ಟೆನೋ, ನೂಕುನುಗ್ಗಲಿನಲ್ಲಿ ಯಾರಾದರೂ ಎಗರಿಸಿದರೋ ಎಂದು ಬ್ಯಾಗಿನಲ್ಲಿದ್ದದ್ದನ್ನೆಲ್ಲ ಮಡಿಲಿಗೆ ಸುರಿದುಕೊಂಡೆ.

"ಗಾಬರಿ ಆಗಬ್ಯಾಡ್ರಿ ಅಕ್ಕಾ, ನಾ ಹಚ್ತೀನಿ ತಡೀರಿ" ಎಂದು ಅವಳು ತನ್ನ ಫೋನು ತೆಗೆದಳು.

"ಹಚ್ಚು ಯವ್ವಾ, ಲಗೂ ಹಚ್ಚು" ಎಂದೆ. ನಾನೇ ಎಂದೆ.

ದನಿ ಮುಂದಿನ ಸೀಟಿನ ಕೆಳಗಿನಿಂದ ಬಂತು. ಕೇರಿ ಟೀಚರ್ ಕರೆ ಮಾಡುತ್ತಿದ್ದಾರೆ. ಮೊದಲ ಸಲ ನನಗೆ ಆದದ್ದು ಸಂತೋಷ, ಫೋನು ಸಿಕ್ಕಿತು ಎಂದು. ಎರಡನೆಯ ಸಲ ಹೇಳಿದಾಗ ಪಕ್ಕಕ್ಕೆ ತಿರುಗಿ ಅವಳನ್ನು ನೋಡಿದೆ. ಅವಳು ಫೋನನ್ನು ಕಿವಿಗೆ ಹಿಡಿದುಕೊಂಡೇ ಇದ್ದಳು. ಮುಖದ ಮೇಲೆ ಹುಡುಕುವವರಿಗೆ ಇರುವ ಗಮನ ಇನ್ನೂ ಹಾಗೇ ಇತ್ತು. ಅದು ನಿಧಾನಕ್ಕೆ ಹೋಯಿತು. ಮೂರನೆಯ ಸಲವೂ ಹೇಳಿತು. ಆಮೇಲೆ ಅವಳು ಕಿವಿಯಿಂದ ಫೋನು ತೆಗೆದು ಕರೆ ನಿಲ್ಲಿಸಿದಳು. ಸೀಟಿನ ಕೆಳಗಿನ ದನಿಯೂ ನಿಂತಿತು.

ಮುಂದಿನ ಸೀಟಿನ ಹೆಂಗಸು ಬಗ್ಗಿ ಫೋನು ತೆಗೆದು ನನಗೆ ಕೊಟ್ಟಳು. ಅವಳಿಗೇನೂ ಗೊತ್ತಿಲ್ಲ. "ಯಾರೋ ಕೇರಿ ಟೀಚರ್ ಹಚ್ಚಿದ್ರು ನೋಡ್ರಿ. ಕಟ್ ಆತು, ತಿರುಗಿ ಹಚ್ರಿ" ಎಂದಳು.

ಆಗಲಾದರೂ ಸುಮ್ಮನಿರಬೇಕಿತ್ತು, ಇಲ್ಲವೇ ತಪ್ಪಾಯಿತು ಅನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. "ಈ ಹಾಳು ಫೋನ್ ಹಿಂಗ ನೋಡು. ಸಾಫ್ಟ್‌ವೇರ್ ಸರಿ ಇಲ್ಲ, ತಾನ ಏನೇನರ ಒದರ್ತೈತಿ."

"ಹೌದ್ರಿ?" ಎಂದಳು ಅವಳು. ಅಷ್ಟೇ. ಕಿಟಕಿಯ ಕಡೆ ನಾನೇ ಕುಳಿತಿದ್ದೆ. ಹೊರಗೆ ಗದ್ದೆಗಳು ಹೋಗುತ್ತಿದ್ದವು. ಸಿಂಧನೂರು ಬರುವ ತನಕ ಅವುಗಳನ್ನೇ ನೋಡುತ್ತ ಕುಳಿತೆ, ಏಕೆಂದರೆ ಈ ಕಡೆ ತಿರುಗುವ ಮುಖ ನನಗಿರಲಿಲ್ಲ. ಮೈಯೆಲ್ಲ ಬೆವರಿತ್ತು. ಆ ಬೆವರಿನಲ್ಲೂ ನಾನು ಲೆಕ್ಕ ಹಾಕುತ್ತಿದ್ದದ್ದು ಏನೆಂದರೆ, ಬಸ್ಸಿನಲ್ಲಿ ನಮ್ಮ ಪರಿಚಯದವರು ಯಾರಾದರೂ ಇದ್ದಾರೆಯೇ ಎಂದು. ಆ ಹೊತ್ತಿನಲ್ಲೂ ಚಿಂತೆ ನನ್ನದೇ.

ಮನೆಗೆ ಹೋದವಳೇ ಗುರುತು ಅಳಿಸಿ ಅವಳ ಪೂರ್ತಿ ಹೆಸರು ಬರೆದೆ. ಫೋನು ಅಲ್ಲೂ ಕಾಡಿಸಿತು. ಎರಡೆರಡು ಇದ್ದವಲ್ಲ, ಒಂದನ್ನು ತಿದ್ದಿದರೆ ಇನ್ನೊಂದು ಹಾಗೇ ಉಳಿದು, ಸ್ವಲ್ಪ ಹೊತ್ತಿಗೆ ತಿದ್ದಿದ್ದರ ಮೇಲೂ ಹಳೆಯದೇ ಬಂದು ಕೂರುತ್ತಿತ್ತು. ಮೂರು ಸಲ ಬರೆದೆ. ನಾಲ್ಕನೆಯ ಸಲಕ್ಕೆ ನಿಂತಿತು. ಒಂಬತ್ತು ವರ್ಷದಲ್ಲಿ ಮಾಡದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು.

ಮರುದಿನ ಮುಂಜಾನೆ ಫೋನು ಬರಲಿಲ್ಲ. ಓಡುತ್ತ ಹೋಗಿ ಬಸ್ಸು ಹಿಡಿದೆ. ಅವಳು ಕಿಟಕಿಯ ಪಕ್ಕ ಕುಳಿತಿದ್ದಳು, ಪಕ್ಕದಲ್ಲಿ ಬೇರೆ ಯಾರೋ ಇದ್ದರು. "ನಮಸ್ಕಾರ ಮೇಡಂ" ಎಂದಳು. ಅಲ್ಲಿಯ ತನಕ ನಾನು ಅಕ್ಕ ಆಗಿದ್ದೆ. ಮಸ್ಕಿಯ ತನಕ ಕಂಬಿ ಹಿಡಿದು ನಿಂತೇ ಹೋದೆ.

ನಾಲ್ಕು ದಿನ ಧೈರ್ಯ ಬರಲಿಲ್ಲ. ಐದನೆಯ ದಿನ ಶಾಲೆ ಬಿಟ್ಟ ಮೇಲೆ, ಅವಳು ಖಾಲಿ ಕ್ಲಾಸಿನಲ್ಲಿ ಬೋರ್ಡು ಒರೆಸುತ್ತಿದ್ದಾಗ, ಹೋಗಿ ನಿಂತೆ. ತಪ್ಪಾಯಿತು ಅನ್ನಲು ಹೋದವಳು ಅಲ್ಲೂ ನೆಪದಿಂದಲೇ ಶುರುಮಾಡಿದೆ.

"ನಾ ಎಲ್ಲಾರದೂ ಊರು, ಓಣಿ ನೋಡೇ ಬರ್ಕೊಂಡಿರ್ತೀನಿ. ಮುದಗಲ್ ಟೈಲರ್, ಬಳಗಾನೂರು ಅಕ್ಕಿ, ಹಿಂಗ. ನಿಂದೂ..."

"ನಮ್ಮ ಮನಿ ಡಿಪೋ ಹಿಂದ ಐತ್ರಿ ಮೇಡಂ" ಎಂದಳು. "ಡಿಪೋ ಟೀಚರ್ ಅಂತ ಬರ್ಕೋಬೇಕಿತ್ತು."

ಅವಳು ಡಸ್ಟರು ಮೇಜಿನ ಮೇಲಿಟ್ಟು ಕೈ ಜಾಡಿಸಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮಕ್ಕಳಿಗೆ ಲೆಕ್ಕ ಬಿಡಿಸಿ ಹೇಳುವಾಗಿನ ದನಿಯೇ ಇತ್ತು.

"ಉಳಿದವರ ಫೋನಿನ್ಯಾಗ ನನ್ನ ಏನಂತ ಬರ್ಕೊಂಡಾರ, ನನಗ ಅಂದಾಜು ಐತಿ. ಅದಕ್ಕ ನಾ ಏನೂ ಅನ್ಕೊಳ್ಳಂಗಿಲ್ಲ. ನಿಮ್ಮದೊಂದು ಬ್ಯಾರೆ ಇರ್ತದ ಅಂದ್ಕೊಂಡಿದ್ದೆ. ಒಂಬತ್ತು ವರ್ಷ ದಿನಾ ಮುಂಜಾನೆ ನಿಮಗ ಫೋನ್ ಹಚ್ಚೀನಿ. ದಿನಾ ಅದನ್ನ ಓದೀರಿ. ಒಂದು ದಿನನೂ ನಿಮಗ ಏನೂ ಅನಿಸಲಿಲ್ಲಲ್ರಿ."

ತಪ್ಪಾಯಿತು ಎಂದೆ. ಆಯ್ತು ಬಿಡ್ರಿ ಎಂದಳು. ಬ್ಯಾಗು ಹೆಗಲಿಗೆ ಹಾಕಿಕೊಂಡು, ದೀಪ ಆರಿಸಿ, ಬಾಗಿಲ ಹತ್ತಿರ ನನಗಾಗಿ ನಿಂತಳು, ಕೋಣೆಗೆ ಬೀಗ ಹಾಕಬೇಕಿತ್ತು.

ಈಗಲೂ ಅದೇ ಬಸ್ಸಿನಲ್ಲಿ ಹೋಗುತ್ತೇವೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಮನೆಯವರ ಆರೋಗ್ಯ ವಿಚಾರಿಸುತ್ತಾಳೆ. ಡಬ್ಬಿ ಬೇರೆ ಮೇಜಿನಲ್ಲಿ ಬಿಚ್ಚುತ್ತಾಳೆ. ನಾನು ಎರಡು ಸಲ ಬೇಗ ಹೋಗಿ, ಕಿಟಕಿಯಿಂದ ಕರವಸ್ತ್ರ ಹಾಕಿ ಅವಳಿಗೆ ಸೀಟು ಹಿಡಿದೆ. ಎರಡು ಸಲವೂ, ಬೇಡ ಮೇಡಂ, ನೀವು ಕೂಡ್ರಿ ಎಂದು ಹಿಂದಕ್ಕೆ ಹೋದಳು.

ಕಳೆದ ತಿಂಗಳು ಫೋನಿಗೆ ಅಪ್‌ಡೇಟ್ ಬಂತು. ಅಂಗಡಿಯವನು ಹೇಳಿದ್ದು ನಿಜ. ಕರೆ ಮಾಡಿದವರ ಹೆಸರು ಹೇಳಬೇಕೇ ಎಂದು ಕೇಳಿ, ಅದರ ಮುಂದೆ ಒಂದು ಗುಂಡಿ ಕೊಟ್ಟಿದ್ದಾರೆ. ಒತ್ತಿದರೆ ಕೂಗು ನಿಲ್ಲುತ್ತದೆ. "ಬಂದ್ ಮಾಡಬಾರದೇನು, ತಲಿ ಚಿಟ್ಟು ಹಿಡಿದೈತಿ" ಎಂದು ಗಂಡ ದಿನಾ ಅನ್ನುತ್ತಾರೆ. ನಾನು ಬಂದ್ ಮಾಡಿಲ್ಲ. ಮುಂಜಾನೆ ಬಸ್ಸಿನ ಹೊತ್ತಿಗೆ ಫೋನನ್ನು ಅಡುಗೆಕಟ್ಟೆಯ ಮೇಲೆ ಕಣ್ಣೆದುರಿಗೇ ಇಟ್ಟುಕೊಳ್ಳುತ್ತೇನೆ. ಅದು ಹಾಲಿನವನನ್ನು ಕೂಗುತ್ತದೆ, ನಾದಿನಿಯನ್ನು ಕೂಗುತ್ತದೆ. ನಾನು ತಿದ್ದಿ ಬರೆದ ಆ ಹೆಸರನ್ನು ಇನ್ನೂ ಒಂದು ಸಲವೂ ಕೂಗಿಲ್ಲ.