ಫೋಟೊದಲ್ಲಿ ಅಲುಗಿದ ಅಜ್ಜ

ನಮ್ಮೂರು ವಡ್ಡುವಿನಲ್ಲಿ ಕೂಸಿಗೆ ಮೂರು ತಿಂಗಳು ತುಂಬಿದರೆ ಹೊರಗೆ ಎತ್ತಿಕೊಂಡು ಹೋಗಿ ಗುಡ್ಡದ ನೆತ್ತಿ ತೋರಿಸುತ್ತಿದ್ದರಂತೆ. ನೆತ್ತಿ ಅದಿರಾಗಿ ಲಾರಿ ಹತ್ತಿದ ಮೇಲೆ ಪಾಲಪ್ಪನವರ ಮನೆಯಲ್ಲಿರುವ ಫೋಟೊ ತೋರಿಸುತ್ತಾರೆ. ಇವತ್ತು ನನ್ನ ಮಗಳು ಕಾವ್ಯಳನ್ನು ಕರೆದೊಯ್ದೆವು. ಲಸಿಕೆಯ ಜ್ವರ ಇಳಿದಿತ್ತು. ಹಾಲು ಕುಡಿಸಿ, ಬಟ್ಟೆ ಹೆಚ್ಚಿಗೆ ಇಟ್ಟುಕೊಂಡು ಅತ್ತೆ ನೀಲಗಂಗಮ್ಮನವರ ಹಿಂದೆ ಹೊರಟೆ.

ಪಾಲಪ್ಪನವರು ಅದೇ ಗುಡ್ಡದ ಗಣಿಯಲ್ಲಿ ಕಲ್ಲಿಗೆ ತೂತು ಕೊರೆಯುತ್ತಲೇ ಮುದುಕರಾದವರು. ಹೆತ್ತವರಿಲ್ಲದ ಅವರನ್ನು ಸಾಕಿದ್ದು ಅಜ್ಜ. ಹಿಂದೆ ಗುಡ್ಡಗಳ ಫೋಟೊ ತೆಗೆಯಲು ಬಂದ ಬ್ರಿಟಿಷ್ ದೊರೆಯೊಬ್ಬನ ಕ್ಯಾಮೆರಾ, ಫೋಟೊ ಮೂಡಿಸುವ ಗಾಜಿನ ಹಲಗೆಗಳನ್ನು ಹೊತ್ತು ಆ ಅಜ್ಜ ಮೇಲೇರಿದ್ದರಂತೆ. ದೊರೆ ಕೊಟ್ಟುಹೋದ ಫೋಟೊ ಇದು. ಬೂದು ಗುಡ್ಡ, ನೆತ್ತಿಯ ಮೇಲೆ ಮುಖವಿಲ್ಲದ, ಹೊಗೆಯಂಥ ಒಂದು ಆಕಾರ. ಊರಿಗೆಲ್ಲ ಅದು ಗುಡ್ಡದಪ್ಪ. ಅದನ್ನು ನೋಡಿ ಬರೆಸಿದ ಚಿತ್ರ ನಮ್ಮ ದೇವರ ಜಗಲಿಯಲ್ಲೂ ಇದೆ, ಟ್ರ್ಯಾಕ್ಟರುಗಳ ಮೇಲೂ ಇದೆ. ಕುಂಕುಮ ಹಚ್ಚಿ ಹಚ್ಚಿ ಮೂಲ ಫೋಟೊದ ಕಾಗದ ಆ ಆಕಾರದ ಕಾಲಿನಿಂದ ಸೊಂಟದವರೆಗೆ ಸವೆದಿದೆ.

ಅತ್ತೆ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದಾಗ ಫೋಟೊಗೆ ಕುಂಕುಮ ಹಚ್ಚಲು ಹೋದ ನನ್ನ ಕೈಯನ್ನು ಪಾಲಪ್ಪನವರು ತಡೆದರು.

"ಯವ್ವಾ, ಕುಂಕುಮ ಬ್ಯಾಡ. ಅದು ದೇವರಲ್ಲ, ನಮ್ಮಜ್ಜ. ಆಗಿನ ಕ್ಯಾಮೆರಾಕ್ಕ ಭಾಳೊತ್ತು ಅಲುಗಾಡದಂಗ ನಿಂದ್ರಬೇಕಿತ್ತಂತ. ಗಾಳಿಗೆ ನಡುಗಿ ಹಿಂಗ ಹೊಗಿ ಆಗ್ಯಾನ."

"ಅದಕ್ಕ ಗಾಜು ಹಾಕಸಬಾರದೇನ್ರಿ?"

"ಹಾಕ್ಸಿದ್ದೆ. ಮುಟ್ಟಾಕ ಸಿಗಂಗಿಲ್ಲ ಅಂತ ಊರವ್ರು ತಗಸಿದ್ರು. ಅವಂದು ಬ್ಯಾರೆ ಫೋಟೊ ಇಲ್ಲ. ಇದೂ ಅಳಿಸಿದ್ರ ನನಗ ಯಾರದಾರ?"

ಬೆರಳಲ್ಲಿದ್ದ ಕುಂಕುಮವನ್ನು ಕಾವ್ಯಳ ಹಣೆಗೆ ಇಟ್ಟೆ. ಅಷ್ಟರಲ್ಲಿ ಅತ್ತೆ ಬಂದರು.

"ಏನವ್ವಾ, ಗುಡ್ಡದಪ್ಪನ್ನ ಬಿಟ್ಟು ಕೂಸಿಗ್ಯಾಕ ಬಳಿದಿ?"

"ಅದು ಇವರ ಅಜ್ಜ ಅಂತ್ರಿ ಅತ್ತಿ."

"ಅಂದ್ರ ಇಷ್ಟು ವರ್ಷ ನಾನು ಕಾಯಿ ಒಡದಿದ್ದು ನಿಮ್ಮಜ್ಜಗೇನು, ಪಾಲಪ್ಪಣ್ಣಾ?" ಅತ್ತೆ ನಕ್ಕುಬಿಟ್ಟರು.

"ಹೂನವ್ವಾ. ಸುಂಕಪ್ಪ ಅಂತ ಹೆಸ್ರು," ಎಂದ ಪಾಲಪ್ಪನವರ ಮುಖ ಅರಳಿತು. ನನಗೂ ಹಗುರವೆನಿಸಿತು. ಇನ್ನಾದರೂ ಅಜ್ಜ ಉಳಿಯುತ್ತಾನೆ ಅಂದುಕೊಂಡೆ.

ಅತ್ತೆಯ ನಗು ನಿಂತಿತು. ಫೋಟೊದ ತೀರ ಹತ್ತಿರ ಹೋದರು. ಕಣ್ಣು ತುಂಬಿದ್ದವು.

"ಇಷ್ಟು ದಿನ ನಿನ್ನ ಹೆಸ್ರೇ ಗೊತ್ತಿದ್ದಿಲ್ಲ ನೋಡಪ್ಪಾ. ಸುಂಕಪ್ಪಾ, ನಮ್ಮ ಕೂಸಿನ್ನ ಕಾಯಿ," ಎಂದು ಕುಂಕುಮದ ಬಟ್ಟಲಲ್ಲಿ ಬೆರಳದ್ದಿ ಆಕಾರದ ಎದೆಗೆ ಒತ್ತಿದರು. ಕಾಗದ ಸುಲಿದು ಬೆರಳಿಗೆ ಅಂಟಿತು. ಅದನ್ನು ಕಣ್ಣಿಗೊತ್ತಿಕೊಂಡರು.

ಪಾಲಪ್ಪನವರು ಒಳಗೆ ಹೋದರು. ನಾವು ಹೊರಡುವವರೆಗೂ ಬರಲಿಲ್ಲ. ಮನೆ ಮುಟ್ಟುವ ತನಕ ಅತ್ತೆ ಎದುರು ಸಿಕ್ಕವರಿಗೆಲ್ಲ ದೇವರ ಹೆಸರು ಹೇಳುತ್ತ ಬಂದರು.