ಬಾಗಿಲಿಗೆ ಅಡ್ಡ ಕೂತ ದಿನಗಳು

ಬೆಳಿಗ್ಗೆ ಏಳೂ ಹತ್ತು. ಆಗ ಶುರುವಾಯಿತು.

ತಟ್ಟೆಯಲ್ಲಿ ಇಡ್ಲಿ ಇತ್ತು. ಇವರು ಒಂದು ತುಂಡು ಮುರಿದು ಬಾಯಿಯ ಹತ್ತಿರ ತಂದರು. ಮತ್ತೆ ತಟ್ಟೆಗೇ ಇಟ್ಟರು. ದವಡೆ ಹಿಡಿದುಕೊಂಡಿದೆ ಅಂದರು. ನಾನು ಶಾಲೆಗೆ ಹೊರಡುವ ಅವಸರದಲ್ಲಿದ್ದೆ. ರಾತ್ರಿ ಓರೆಯಾಗಿ ಮಲಗಿರಬೇಕು, ಸ್ವಲ್ಪ ಕಾವು ಕೊಟ್ಟುಕೊಳ್ಳಿ ಅಂದೆ. ಇವರು ನಗಲು ನೋಡಿದರು. ತುಟಿ ಎರಡೂ ಕಡೆಗೆ ಎಳೆದುಕೊಂಡಿತು, ಹಲ್ಲು ಕಂಡಿತು. ಕಣ್ಣು ಮಾತ್ರ ನಗಲಿಲ್ಲ.

ಆ ಮುಖ ನನ್ನನ್ನು ಇನ್ನೂ ಬಿಟ್ಟಿಲ್ಲ.

ಎಪ್ಪತ್ತೊಂಬತ್ತನೇ ಇಸವಿ. ಮಳೆಗಾಲ ಮುಗಿಯುತ್ತ ಬಂದಿತ್ತು. ನಂಜನಗೂಡಿನ ಪೇಟೆಯಲ್ಲಿ ಇವರದು ಪಂಪ್‌ಸೆಟ್ ರಿಪೇರಿ ಅಂಗಡಿ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ಉಷಾ ಮತ್ತು ರವಿ ನಮ್ಮ ಇಬ್ಬರು ಮಕ್ಕಳು. ಅಂಗಡಿ ಕೆಲಸಕ್ಕಿಂತ ಊರ ಕೆಲಸವೇ ಇವರಿಗೆ ಹೆಚ್ಚು. ಯಾವ ಹಳ್ಳಿಯ ಕೈಪಂಪು ಕೆಟ್ಟರೂ ಸರ್ಕಾರದ ಮೆಕ್ಯಾನಿಕ್ ಬರುವ ತನಕ ಜನ ಕಾಯುತ್ತಿರಲಿಲ್ಲ. ರಾಜಣ್ಣನನ್ನು ಕರೆದುಕೊಂಡು ಬನ್ನಿ ಅನ್ನುತ್ತಿದ್ದರು. ಇವರು ಸೈಕಲ್ಲಿಗೆ ಸ್ಪ್ಯಾನರಿನ ಚೀಲ ಕಟ್ಟಿಕೊಂಡು ಹೊರಡುತ್ತಿದ್ದರು.

ಹಿಂದಿನ ವಾರ ಟಿ. ನರಸೀಪುರದ ಆಚೆ ಒಂದು ಹರಿಜನ ಕಾಲೋನಿಗೆ ಹೋಗಿದ್ದರು. ಕೊಳವೆಬಾವಿಯೊಳಗೆ ಸಿಕ್ಕಿಕೊಂಡ ಪೈಪು ಎತ್ತುವಾಗ ಅದನ್ನು ಹಿಡಿದಿದ್ದ ಕ್ಲಾಂಪು ಜಾರಿ, ಪೈಪಿನ ತುಕ್ಕು ಹಿಡಿದ ತುದಿ ಪಾದಕ್ಕೆ ಇಳಿದಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಕಾಫಿಪುಡಿ ಮೆತ್ತಿ, ಬಟ್ಟೆ ಸುತ್ತಿಕೊಂಡು, ನೀರು ಬರುವ ತನಕ ಅಲ್ಲೇ ನಿಂತಿದ್ದರಂತೆ. ಮನೆಯಲ್ಲಿ ಕೇಳಿದ್ದಕ್ಕೆ ರಕ್ತ ನಿಂತಿತಲ್ಲ ಅಂದರು. ಶಾಲೆಗೆ ಇಂಜೆಕ್ಷನ್ ಹಾಕುವವರು ಬಂದಾಗ ಅಳುವ ಮಕ್ಕಳನ್ನು ಎತ್ತಿ ತಂದು ಕೂರಿಸಿದ ಮನುಷ್ಯ ಇವರೇ. ತಾವು ಮಾತ್ರ ಒಂದನ್ನೂ ಹಾಕಿಸಿಕೊಂಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕತ್ತು ಬಿಗಿಯಿತು. ಆಸ್ಪತ್ರೆಗೆ ಹೋದೆವು. ಬೆಂಚಿನ ಮೇಲೆ ಮಲಗಿಸಿದ್ದಾಗ ಯಾರದೋ ಕೈಯಿಂದ ಒಂದು ಟ್ರೇ ಬಿತ್ತು. ಆ ಸದ್ದಿಗೆ ಇವರ ಬೆನ್ನು ಬೆಂಚು ಬಿಟ್ಟು ಮೇಲೆದ್ದಿತು. ತಲೆ ಮತ್ತು ಹಿಮ್ಮಡಿ ಮಾತ್ರ ಬೆಂಚಿಗೆ ತಾಗಿದ್ದವು.

ಟೆಟನಸ್.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ನನ್ನನ್ನು ಪಕ್ಕಕ್ಕೆ ಕರೆದರು. ಮೈಸೂರಿಗೆ ಕಳಿಸಬಹುದು, ಆದರೆ ದಾರಿಯ ಕುಲುಕಾಟ, ಹಾರನ್ನು, ಇದರ ನಡುವೆ ಉಸಿರು ಸಿಕ್ಕಿಕೊಂಡರೆ ಯಾರೂ ಏನೂ ಮಾಡಲಾಗುವುದಿಲ್ಲ ಅಂದರು. ವಿಷ ಇಳಿಸುವ ಸೀರಮ್ ತರಲು ಆಗಲೇ ಒಬ್ಬರನ್ನು ಮೋಟರ್‌ಬೈಕಿನಲ್ಲಿ ಮೈಸೂರಿಗೆ ಓಡಿಸಿದ್ದರು.

"ಬೆಳಕು ಬೇಡ, ಸದ್ದು ಬೇಡ, ಯಾರೂ ಮುಟ್ಟಬಾರದು. ಸದ್ದಾದ್ರೆ ಸ್ಪಾಸಂ ಬರುತ್ತೆ, ಮೈಯೆಲ್ಲ ಸೆಟೆದುಕೊಳ್ಳುತ್ತೆ. ಗಂಟಲು ಹಿಡಿಯೋ ಸ್ಪಾಸಂ ಬಂದ್ರೆ ನನ್ನ ಕೈಲಿ ಜಾಸ್ತಿ ಏನೂ ಇಲ್ಲಮ್ಮ."

ಪ್ರಜ್ಞೆ ಇರುತ್ತದೆಯೇ ಎಂದು ಕೇಳಿದೆ.

"ಪೂರ್ತಿ ಇರುತ್ತೆ."

ಹಿಂದಿನ ಒಂದು ಸಣ್ಣ ಕೋಣೆ ಖಾಲಿ ಮಾಡಿಸಿದರು. ಕಿಟಕಿಗೆ ಕಂಬಳಿ ಹೊಡೆದರು. ಇವರ ಕಿವಿಗೆ ಹತ್ತಿ, ಮೂಗಿಗೆ ಟ್ಯೂಬು, ಕೈಗೆ ಡ್ರಿಪ್ಪು. ಕಾಲು ಚಾಚಿ ಕೂತಲ್ಲೇ ನಾಲ್ಕು ಜನರನ್ನು ಸೇರಿಸಿ ಹರಟುವ ಮನುಷ್ಯ. ಮದುವೆಯಾಗಿ ಬಂದಾಗಿನಿಂದ ನಮ್ಮ ಮನೆಯ ಬಾಗಿಲು ಹಗಲು ಹೊತ್ತು ಮುಚ್ಚಿದ್ದನ್ನು ನಾನು ಕಂಡಿಲ್ಲ. ಈಗ ಇವರ ಜೀವ ಒಂದು ಮುಚ್ಚಿದ ಬಾಗಿಲಿನ ಮೇಲೆ ನಿಂತಿತ್ತು.

ಮರುದಿನ ಮೊದಲ ಬಸ್ಸಿನಿಂದಲೇ ಜನ ಇಳಿದರು. ಹುಲ್ಲಹಳ್ಳಿಯವರು, ಬಿಳಿಗೆರೆಯವರು, ನರಸೀಪುರದ ಕಡೆಯವರು. ಎಳನೀರು, ಮೂಸಂಬಿ, ಬ್ರೆಡ್ಡು. ಕಾಯಿಲೆಯವರನ್ನು ಕಣ್ಣಾರೆ ನೋಡದೆ ಹಿಂದಿರುಗುವುದೆಂದರೆ ನಮ್ಮ ಕಡೆ ಅವರ ಕೈ ಬಿಟ್ಟ ಹಾಗೆ. ನೋಡಿದರೂ ಸಾಲದು. ಮುಖದ ಹತ್ತಿರ ಬಗ್ಗಿ, ಗಟ್ಟಿಯಾಗಿ, ನಾನು ಯಾರೆಂದು ಗುರುತು ಸಿಕ್ಕಿತೇ ಎಂದು ಕೇಳಬೇಕು. ಮಲಗಿದವರು ಹೆಸರು ಹೇಳಬೇಕು. ಹೇಳಿದರೆ ಎಲ್ಲರಿಗೂ ಧೈರ್ಯ. ಇಷ್ಟು ದಿನ ನಾನೂ ಎಷ್ಟೋ ಮಂಚಗಳ ಪಕ್ಕದಲ್ಲಿ ಹಾಗೆಯೇ ಕೇಳಿದ್ದೇನೆ.

ಕಾಲೋನಿಯ ಮರಿಯಯ್ಯ ಬಂದಿದ್ದ. ಪೈಪು ಎತ್ತುವಾಗ ಇವರ ಪಕ್ಕದಲ್ಲೇ ಇದ್ದ ಮುದುಕ. ಸಿಸ್ಟರ್ ಇಂಜೆಕ್ಷನ್ ತರಲು ಹೋಗಿದ್ದರು, ನಾನು ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದೆ. ಒಳಗಿನಿಂದ ಅವನ ಧ್ವನಿ ಕೇಳಿತು.

"ರಾಜಣ್ಣೋ, ನಾನು ಕಣಪ್ಪ. ಗುರ್ತ್ ಸಿಕ್ತಾ?"

ನಾನು ಓಡಿ ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಮೈ ಬಿಲ್ಲಾಗಿತ್ತು. ತುಟಿ ನೀಲಿ. ಕಣ್ಣು ತೆರೆದೇ ಇತ್ತು, ನನ್ನನ್ನೇ ನೋಡುತ್ತಿತ್ತು. ಡಾಕ್ಟರು ಬಂದರು. ಡ್ರಿಪ್ಪಿನ ಕೊಳವೆಗೇ ಸೂಜಿ ಚುಚ್ಚಿದರು. ಎಷ್ಟು ಹೊತ್ತಾಯಿತೋ ತಿಳಿಯದು. ಕೊನೆಗೆ ಎದೆ ಒಂದು ಸಲ ಏರಿ ಇಳಿಯಿತು. ಈಗಲೂ ಪಾಠ ಮಾಡುತ್ತಿರುವಾಗ, ಸಾರಿಗೆ ಒಗ್ಗರಣೆ ಹಾಕುತ್ತಿರುವಾಗ, ಆ ಎದೆ ಏರುವುದನ್ನೇ ಕಾಯುತ್ತ ನಿಂತುಬಿಡುತ್ತೇನೆ.

ಮರಿಯಯ್ಯ ಗೋಡೆಗೆ ಒರಗಿ, ಬಾಯಿಗೆ ಟವೆಲ್ಲು ತುರುಕಿಕೊಂಡು ಅಳುತ್ತಿದ್ದ. ಅಳುವ ಸದ್ದೂ ಆಗಬಾರದು ಎಂದು ಅವನಿಗೆ ಅಷ್ಟರಲ್ಲಿ ತಿಳಿದಿತ್ತು. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಸಿಸ್ಟರ್ ಕೂರುವ ಸ್ಟೂಲು ತಂದು ಬಾಗಿಲಿಗೆ ಅಡ್ಡ ಹಾಕಿಕೊಂಡು ಕೂತೆ. ಇನ್ನು ಯಾರನ್ನೂ ಬಿಡುವುದಿಲ್ಲ. ಮಕ್ಕಳನ್ನೂ.

ಮಧ್ಯಾಹ್ನ ನರಸೀಪುರದಿಂದ ಭಾವನವರು ಬಂದರು. ಇವರ ಅಣ್ಣ. ತಂದೆ ಸತ್ತ ಮೇಲೆ ಇವರನ್ನು ಸಾಕಿ ಓದಿಸಿದವರು. ಅವರು ಬಂದರೆ ನಾನು ಎದ್ದು ನಿಲ್ಲುವುದು ರೂಢಿ. ಅವತ್ತು ಏಳಲಿಲ್ಲ. ಎದ್ದರೆ ದಾರಿ ಬಿಟ್ಟಂತಾಗುತ್ತಿತ್ತು.

"ಅವ್ನು ನನ್ ಒಡುಟ್ಟಿದೋನು ಕಣವ್ವ," ಅಂದರು. "ಅವ್ನ್ ಮೊಕ ನೋಡಕ್ಕೆ ನಿನ್ ಅಪ್ಪಣೆ ಬೇಕಾ?"

"ಇವತ್ತು ಬೇಕು ಭಾವ."

ಸುತ್ತ ನಿಂತವರು ನೆಲ ನೋಡಿದರು. ಭಾವನವರು ಅಂಗಳದ ಹೊಂಗೆಮರದ ಕಡೆಗೆ ನಡೆದರು. ಈ ಸಂಬಂಧ ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಇವರು ಉಳಿದರೆ ಸಾಕು, ಆಮೇಲೆ ಕಾಲು ಹಿಡಿದರಾಯಿತು ಅಂದುಕೊಂಡೆ. ಸಂಜೆ ನೋಡಿದರೆ ಗೇಟಿನ ಹತ್ತಿರ ಬರುವವರನ್ನೆಲ್ಲ ಅವರೇ ಕೈ ಅಡ್ಡ ಹಿಡಿದು ತಡೆಯುತ್ತಿದ್ದರು. ಒಬ್ಬರಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ನನ್ನೇ ಬುಡ್ನಿಲ್ಲ ಆಯಮ್ಮ. ನೀನ್ಯಾರ್ಲಾ?"

ಬಂದ ಜನ ಹಿಂದಿರುಗಲಿಲ್ಲ. ಹೊಂಗೆಮರದ ಕೆಳಗೆ ಕೂತರು. ನೋಡಲಾಗದಿದ್ದರೂ ಹೇಳಬೇಕಾದದ್ದು ಅವರೊಳಗೆ ಉಳಿದಿತ್ತಲ್ಲ, ಒಬ್ಬೊಬ್ಬರೇ ಬಂದು ನನ್ನ ಸ್ಟೂಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಪಿಸುಮಾತಿನಲ್ಲಿ ಹೇಳಿದರು. ಕಾಲೋನಿಗಳಲ್ಲಿ ಪಂಪು ರಿಪೇರಿಯಾದಾಗ ಮೊದಲ ಬೊಗಸೆ ನೀರನ್ನು ಇವರೇ ಕುಡಿಯುತ್ತಿದ್ದರಂತೆ, ನೋಡುತ್ತ ನಿಂತ ಮೇಲ್ಕೇರಿಯವರಿಗೆ ಕಾಣುವ ಹಾಗೆ. ಗಂಡ ಬಿಟ್ಟುಹೋದ ಒಬ್ಬ ಹೆಂಗಸಿನ ಮಗನನ್ನು ಸುತ್ತೂರಿನ ಹಾಸ್ಟೆಲಿಗೆ ಸೇರಿಸಿ, ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತಿದ್ದರಂತೆ. ಹೊಳೆಯಲ್ಲಿ ತೇಲಿಬಂದ ಗುರುತಿಲ್ಲದ ಹೆಣಕ್ಕೆ ಮಣ್ಣು ಮಾಡಲು ಯಾರೂ ಬರದಿದ್ದಾಗ ಹಾರೆ ಹಿಡಿದು ಹೋದರಂತೆ. ಇದರಲ್ಲಿ ಅರ್ಧ ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು, ಇವತ್ತೇನು ಸಾರು ಎಂದು ಕೇಳುತ್ತಿದ್ದರು, ಅಷ್ಟೆ.

ಹೊಗಳಿಕೆಯೊಂದೇ ಇರಲಿಲ್ಲ. ಬಿಳಿಗೆರೆಯ ಒಬ್ಬ ರೈತ ಹತ್ತಿರ ಬಗ್ಗಿ, "ನಮ್ ಮೋಟ್ರು ಬಿಚ್ಚಾಕಿ ಆರ್ ತಿಂಗ್ಳಾಯ್ತು ಟೀಚರಮ್ಮ. ಅದ್ನ ಜೋಡುಸ್ದೆ ಎಲ್ಲೂ ಓಗಂಗಿಲ್ಲ ಅಂತ ಒಸಿ ಏಳಿ," ಅಂದ. ಆ ದಿನಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಅವರಿಗೆ ಏನಾದರೂ ಮಾಡಬೇಕೆಂದು ನಿಮಗಿದ್ದರೆ ಈ ಬೀದಿಯ ಸದ್ದು ನಿಲ್ಲಿಸಿ ಎಂದು ಎಲ್ಲರಿಗೂ ಹೇಳಿದೆ. ಜಟಕಾದವರು ಸ್ಟ್ಯಾಂಡನ್ನು ಆಚೆ ಬೀದಿಗೆ ಒಯ್ದರು, ಕುದುರೆಯ ಕೊರಳ ಗೆಜ್ಜೆ ಬಿಚ್ಚಿದರು. ಎದುರಿನ ಹೋಟೆಲಿನ ರೇಡಿಯೋ ಬಾಯಿ ಮುಚ್ಚಿತು. ಮರಿಯಯ್ಯ ಊರಿಗೆ ಹೋಗಲಿಲ್ಲ. ತಿರುವಿನಲ್ಲಿ ನಿಂತು, ಬರುವ ಬಸ್ಸುಗಳಿಗೆಲ್ಲ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ. ಕೆಲವು ಡ್ರೈವರುಗಳು ಕೇಳಿದರು. ಕೆಲವರು ಹಾರನ್ ಹೊಡೆದೇ ಹೋದರು. ಆಗ ನಾನು ಬಾಗಿಲಿಗೆ ಕಿವಿಯಿಟ್ಟು ಮಂಚದ ಕಿರುಗುಟ್ಟುವಿಕೆಗೆ ಕಾಯುತ್ತಿದ್ದೆ.

ಸ್ಪಾಸಂಗಳು ಒಂದೇ ಸಲಕ್ಕೆ ಹೋಗಲಿಲ್ಲ. ಒಂದು ದಿನ ಕಡಿಮೆ, ಮರುದಿನ ಮತ್ತೆ. ಡಾಕ್ಟರ ಮುಖ ನೋಡಿ ಊಹಿಸುವುದನ್ನು ಕಲಿತೆ. ಕಡೆಗೆ ಒಂದು ಬೆಳಿಗ್ಗೆ ಹಲ್ಲಿನ ಸಂದಿಯಲ್ಲಿ ಒಂದು ಚಮಚೆ ಗಂಜಿ ಹೋಯಿತು. ಇನ್ನೂ ಕೆಲವು ದಿನದ ಮೇಲೆ ಮಾತು ಬಂತು, ಹಲ್ಲು ಬಿಡಿಸದೆಯೇ.

"ಮರಿಯಯ್ಯ ಕರೆದಾಗ ಗುರುತು ಸಿಕ್ಕಿತ್ತು," ಅಂದರು. "ಹೇಳಕ್ಕಾಗಲಿಲ್ಲ ಕಣೇ. ಅವನಿಗೆ ಹೇಳು."

ತಿರುವಿಗೆ ಹೋಗಿ ಹೇಳಿದೆ. ಮರಿಯಯ್ಯ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ನರಸೀಪುರದ ಬಸ್ಸು ಹತ್ತಿದ.

ಮನೆಗೆ ಬಂದ ಮೇಲೂ ಕಾಯಿಲೆ ನಮ್ಮ ಜೊತೆ ಇತ್ತು. ಇವರು ಗೋಡೆ ಹಿಡಿದು ನಡೆಯುತ್ತಿದ್ದರು. ಸೈಕಲ್ ತುಳಿಯುವುದು ಯಾವಾಗಲೋ, ಪೈಪು ಎತ್ತುವುದು ಇನ್ನು ಇಲ್ಲವೇ ಇಲ್ಲವೋ, ಡಾಕ್ಟರು ಖಚಿತವಾಗಿ ಹೇಳಲಿಲ್ಲ. ಮಕ್ಕಳು ಪಿಸುಗುಟ್ಟುವುದನ್ನೇ ಮಾತು ಮಾಡಿಕೊಂಡರು. ಲೋಟ ಇಡುವಾಗ ಉಷಾ ಕೆಳಗೆ ಬಟ್ಟೆ ಹಾಸುತ್ತಿದ್ದಳು. ರಾತ್ರಿ ಬೆಕ್ಕು ಹಂಚಿನ ಮೇಲೆ ನಡೆದರೂ ನಾಲ್ವರೂ ಎದ್ದು ಕೂರುತ್ತಿದ್ದೆವು.

ಕಾರ್ತಿಕದ ಕೊನೆಯಲ್ಲಿ ಒಂದು ಬೆಳಿಗ್ಗೆ ಪಕ್ಕದ ಮನೆಯ ಲಲಿತಮ್ಮ ಬಾಗಿಲು ತಟ್ಟಿದರು. ಬಿಸಿಲು ಅಂಗಳಕ್ಕೆ ಇಳಿದಿತ್ತು.

"ರಾತ್ರಿ ಮದುವೆ ಬ್ಯಾಂಡಿನೋರು ನಿಮ್ಮನೆ ಮುಂದೇನೇ ನಿಂತು ಬಾರಿಸಿದ್ರಲ್ರೀ," ಅಂದರು. "ನಾನೇ ಎದ್ದು ಬಂದು ಬೈದೆ. ರಾಜಣ್ಣೋರಿಗೆ ಏನೂ ಆಗ್ಲಿಲ್ಲ ತಾನೆ?"

ಯಾವ ಬ್ಯಾಂಡು ಎಂದು ಕೇಳಿದೆ.

ಒಳಗೆ ಹೋಗಿ ನೋಡಿದೆ. ಮಕ್ಕಳು ಅಡ್ಡಾದಿಡ್ಡಿ ಬಿದ್ದಿದ್ದರು. ಇವರು ಬಾಯಿ ಅಗಲಕ್ಕೆ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದರು. ಶಾಲೆಯ ಹೊತ್ತು ಮೀರಿತ್ತು. ಯಾರನ್ನೂ ಎಬ್ಬಿಸಲಿಲ್ಲ.