ಉಪ್ಪುಗಾಳಿಗೆ ತಡೆಯದ ಕಿಟಕಿ

ಗೆಳೆಯರೇ, ತೆಲುಗು ನಾಡಿನ ನಾಚಾರಂನಾಗ ಅಲ್ಯೂಮಿನಿಯಂಗೆ ಗಟ್ಟಿ ಪದರ ಕೊಡೋ ನಮ್ಮ ಆನೊಡೈಸಿಂಗ್ ಫ್ಯಾಕ್ಟರಿಗೆ ಇವತ್ತು ಕನ್ನಡದವನೊಬ್ಬ ಬಂದಿದ್ದ. ಉಡುಪಿ ಕಡೆಯವ, ಇಲ್ಲೇ ಮಾಧಾಪುರದಾಗ ಐಟಿ ಕೆಲಸ. ತನ್ನ ಅಲ್ಯೂಮಿನಿಯಂ ಕಿಟಕಿ ಚೌಕಟ್ಟು ಒಯ್ಯಾಕ ಬಂದಾವ ನನ್ನ ಕನ್ನಡ ಕೇಳಿ ಖುಷಿಯಾದ.

“ಅಕ್ಕ, ಮನೆ ಸಮುದ್ರದ ಹತ್ರ. ಉಪ್ಪುಗಾಳಿಗೆ ತಡೀತದಾ?”

ಕ್ವಾಲಿಟಿ ನೋಡಾಕಿ ನಾನು. ಬಾಜೂಕ ನಿಂತ ಮಾಲಕರಿಗೆ ಕನ್ನಡ ಬರಂಗಿಲ್ಲ. ಹೇಳೇ ಬಿಟ್ಟೆ.

“ತಡಿಯಂಗಿಲ್ರಿ. ಮ್ಯಾಲಿನ ಆಕ್ಸೈಡ್ ಪದರದಾಗ ಕಣ್ಣಿಗೆ ಕಾಣದ ತೂತು ಇರ್ತಾವ. ಅವು ಮುಚ್ಚಾಕ ಕುದಿಯೋ ನೀರಿನಾಗ ಇಡಬೇಕು. ನಿಮ್ಮ ಮಾಲು ಅವಸರದಾಗ ಹಂಗ ತಗದಾರ. ಮತ್ತ ಮಾಡಿಕೊಡ್ರಿ ಅನ್ರಿ.”

ಅವ ಸೀದಾ ಮಾಲಕರ ಕಡೆ ತಿರುಗಿದ. “ಆಪ್‌ಕಿ ಮೇಡಂ ಬೋಲ್ ರಹೀ ಹೈ, ಮಾಲ್ ಕಚ್ಚಾ ಹೈ. ರೇಟ್ ಕಮ್ ಕರೋ.”

ಮಾಲು ಕಚ್ಚಾ ಅಂತ ನಾನ ಹೇಳೀನಿ ಅನ್ನೂದು ಕೇಳಿ ಮಾಲಕರು ನನ್ನ ಮಾರಿ ನೋಡಿ ರೇಟ್ ಇಳಿಸಿದ್ರು. ಅವ ಅದೇ ಚೌಕಟ್ಟು ಗಾಡಿಗೆ ಹೇರಿಸಿದ.

“ಮತ್ತ ಮಾಡಿಸಲಿಲ್ಲಲ್ರಿ?” ಅಂದೆ.

“ಮಾರ್ಲಿಕ್ಕೆ ಕಟ್ಟುವ ಮನೆ ಅಕ್ಕ. ನಾವೆಂತ ಅಲ್ಲಿ ಇರ್ಲಿಕ್ಕುಂಟಾ?” ಅಂತ ನಕ್ಕ.

ಮಾಲಕರು ನನ್ನ ಕ್ವಾಲಿಟಿಯಿಂದ ತಗದಾರ, ನಾಳೆಯಿಂದ ನನಗ ಪ್ಯಾಕಿಂಗ್ ಕೆಲಸ. ಉಡುಪಿ ಕಡೆ ಸಮುದ್ರದ ಹತ್ರ ಹೊಸ ಮನಿ ಕೊಳ್ಳಾವ್ರು ಯಾರರ ಇದನ್ನ ಓದಿದ್ರ, ಕಿಟಕಿ ಭಾಳ ಹೊಳೀತಾವ ಅಂತ ಮರುಳಾಗಬ್ಯಾಡ್ರಿ.